ನಗು ಬರಲಿಲ್ಲ ಅಂತ ಬರೆದವಳಿಗೆ

ಪುಟ್ಟಿ,

ನಿನ್ನ ಮೇಲ್ ಓದಿದೆ. ಆಫೀಸು, ಹೊಸ ಬಾಡಿಗೆ ಮನೆ, ಅಡ್ವಾನ್ಸ್ ಗಲಾಟೆ ಎಲ್ಲ ಓದಿದೆ. ಅದಕ್ಕೆ ನಿನ್ನ ದೊಡ್ಡಪ್ಪ ಬೇರೆ ಬರೆಯುತ್ತಾರೆ. ನಾನು ಕೊನೆಯಲ್ಲಿದ್ದ ಎರಡು ಸಾಲಿಗೆ ಮಾತ್ರ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಎಲ್ಲ ಕೂತು ನೋಡುತ್ತಿದ್ದ ಆ 'ಕ್ಲೂ' ಅನ್ನುವ ಇಂಗ್ಲಿಷ್ ತಮಾಷೆ ಸಿನಿಮಾ ಹಾಕಿಕೊಂಡು ನೋಡಿದೆ ದೊಡ್ಡಮ್ಮ, ಒಂದು ಸಲವೂ ನಗು ಬರಲಿಲ್ಲ, ನನ್ನೊಳಗೆ ಏನೋ ಬತ್ತಿಹೋಗಿದೆ ಅನ್ನಿಸಿ ಹೆದರಿಕೆ ಆಯಿತು ಅಂದಿದ್ದೀಯಲ್ಲ. ಆ ಹೆದರಿಕೆ ನಿನ್ನಿಂದ ನನಗೂ ಬಂತು. ರಾತ್ರಿ ಎದ್ದು ಕೂತು ಮತ್ತೆ ಓದಿದೆ.

ಅದರ ಕ್ಯಾಸೆಟ್ ಮಸ್ಕತ್‌ನಿಂದ ಯಾರು ತಂದರು, ವಿಸಿಆರ್ ಎಲ್ಲಿತ್ತು, ಯಾರು ಯಾರ ಪಕ್ಕ ಕೂರುತ್ತಿದ್ದರು, ಇದೆಲ್ಲ ನಿನಗೇ ಗೊತ್ತು. ಹೋದ ವರ್ಷ ನಿನ್ನಪ್ಪ ತೀರಿಕೊಂಡದ್ದನ್ನೂ ನಾನು ಇಲ್ಲಿ ಎತ್ತುವುದಿಲ್ಲ.

ನಿನಗೆ ಬರೆಯುವ ಮೊದಲು ನಾನೂ ಆ ಸಿನಿಮಾ ನೋಡಬೇಕು ಅನ್ನಿಸಿತು. ಕೆಳಗಿನ ಮನೆಯ ಹುಡುಗ ಬಂದು ಟಿವಿಗೆ ಏನೋ ಸಿಕ್ಕಿಸಿ ಹಾಕಿಕೊಟ್ಟ. ಇಷ್ಟು ವರ್ಷದಲ್ಲಿ ಆ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿದ್ದು ಇದೇ ಮೊದಲು. ನೀವೆಲ್ಲ ನೋಡುವಾಗ ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಲೆ ಮೇಲೆ ಏನಾದರೂ ಇರುತ್ತಿತ್ತು. ಒಂದು ತುಂಡು ನೋಡಿ ಒಳಗೆ ಹೋಗೋದು, ನೀವು ಕೂಗಿದಾಗ ಮತ್ತೆ ಬರೋದು. ನಿನ್ನಪ್ಪ ಎಷ್ಟೋ ಸಲ ಕರೆದ, ಅತ್ತಿಗೆ ಬನ್ನಿ, ಕೂತ್ಕೊಳ್ಳಿ, ಸಾರು ಎಲ್ಲೂ ಓಡಿ ಹೋಗಲ್ಲ ಅಂತ. ಈಗ ಅನ್ನಿಸುತ್ತದೆ, ಕೂರಬಹುದಿತ್ತು.

ಹೋಗಲಿ, ನಿನ್ನ ಮಾತಿಗೆ ಬರುತ್ತೇನೆ.

ನಗು ಬರಲಿಲ್ಲ ಅಂದೆ. ಎಲ್ಲೆಲ್ಲಿ ಬರಲಿಲ್ಲ ಅಂತ ಯೋಚನೆ ಮಾಡಿದ್ದೀಯಾ? ಶುರುವಿನಲ್ಲೇ ಆ ದೊಡ್ಡ ಮನೆ ನೋಡಿಕೊಳ್ಳುವ ಆಳು, ಆ ಬಟ್ಲರ್, ನಾಯಿಯ ಹೊಲಸು ತುಳಿದು ಒಳಗೆ ಬರುತ್ತಾನೆ, ಹತ್ತಿರ ನಿಂತವರು ಮೂಗು ಎಳೆದು ತಮ್ಮ ತಮ್ಮ ಬೂಟಿನ ಅಡಿ ನೋಡಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ನೀನು ಅಲ್ಲಿ ಚಾಪೆ ಮೇಲೆ ಬಿದ್ದು ಹೊರಳಾಡುತ್ತಿದ್ದೆ. ನನಗೂ ಮೊನ್ನೆ ಅಲ್ಲಿ ನಗು ಬರಲಿಲ್ಲ. ಬರಬೇಕು ಅಂತ ಕಾದುಕೊಂಡು ಕೂತಿದ್ದೆ, ಅದಕ್ಕೇ ಬರಲಿಲ್ಲವೋ ಏನೋ.

ಅದರ ಬದಲು ನನಗೆ ಕಂಡದ್ದು ಬೇರೆ. ಆ ಮನೆಗೆ ಊಟಕ್ಕೆ ಬಂದ ಆರು ಜನವೂ ಹೆದರಿದವರು. 1954ರ ಅಮೆರಿಕದ ಕತೆ ಅದು. ಪಕ್ಕದವನು ಒಂದು ಮಾತು ಚುಚ್ಚಿಕೊಟ್ಟರೆ ಸಾಕು, ಕೆಲಸವೂ ಹೋಯಿತು, ಮಾನವೂ ಹೋಯಿತು ಅನ್ನುವ ಕಾಲ. ಪ್ರತಿಯೊಬ್ಬರ ಗುಟ್ಟೂ ಒಬ್ಬನ ಕೈಯಲ್ಲಿದೆ, ಅವನು ದುಡ್ಡು ಕೀಳುತ್ತಿದ್ದಾನೆ. ಯಾರೂ ತಮ್ಮ ಸ್ವಂತ ಹೆಸರು ಹೇಳುವ ಹಾಗಿಲ್ಲ. ಕರ್ನಲ್ ಮಸ್ಟರ್ಡ್ ಅನ್ನುವವನನ್ನು ನೀವು ಸಾಸಿವೆ ಕರ್ನಲ್ ಅಂತ ಕರೆಯುತ್ತಿದ್ದಿರಲ್ಲ, ಅವನ ಮುಖ ನೋಡು ಇನ್ನೊಂದು ಸಲ, ಅವನಿಗೆ ಗೊತ್ತಾಗದ ವಿಷಯಕ್ಕೆಲ್ಲ ಜೋರು ಮಾಡುತ್ತಾನೆ. ಮಕ್ಕಳಿಗೆ ಅವರು ಬೀಳೋದು, ಏಳೋದು, ಓಡೋದು ಕಾಣುತ್ತದೆ. ದೊಡ್ಡವರಿಗೆ ಯಾಕೆ ಓಡುತ್ತಿದ್ದಾರೆ ಅನ್ನೋದೂ ಕಾಣುತ್ತದೆ. ನಿನಗೂ ಅದೇ ಕಂಡಿರಬೇಕು. ಅದು ಬತ್ತಿಹೋಗೋದು ಹೇಗಾಗುತ್ತದೆ ಪುಟ್ಟಿ?

ಮಿಸೆಸ್ ವೈಟ್ ಅಂತ ಬಿಳಿ ಹೆಸರಿನ ಹೆಂಗಸು, ಕಪ್ಪು ಬಟ್ಟೆಯವಳು, ಅವಳ ಪಾತ್ರ ಮಾಡಿದವಳು ಮೆಡಲಿನ್ ಕಾನ್. ಗಂಡನ ಜೊತೆ ಸಂಬಂಧ ಇಟ್ಟುಕೊಂಡವಳ ಮೇಲೆ ಎಷ್ಟು ಸಿಟ್ಟಿತ್ತು ಅಂತ ಹೇಳಲು ಹೊರಡುತ್ತಾಳೆ, ಮಾತೇ ಸಿಗೋದಿಲ್ಲ, ಮುಖದ ಹತ್ತಿರ ಕೈ ಆಡಿಸುತ್ತಾ ಬೆಂಕಿ, ಉರಿ, ಉಸಿರು ಅಂತ ತಡವರಿಸುತ್ತಾಳೆ. ಅದು ಬರೆದುಕೊಟ್ಟ ಮಾತಲ್ಲವಂತೆ, ಶೂಟಿಂಗ್ ಹೊತ್ತಿನಲ್ಲಿ ಅವಳೇ ಹುಟ್ಟಿಸಿಕೊಂಡದ್ದಂತೆ. ನನಗೆ ಅಲ್ಲಿ ನಗುವೂ ಬಂತು, ಗಂಟಲೂ ಕಟ್ಟಿತು. ಆ ಹೆಂಗಸು 1999ರಲ್ಲೇ ತೀರಿಕೊಂಡಳು. ಚಿಕ್ಕವರಿದ್ದಾಗ ನೀವು ಆ ಜಾಗವನ್ನು ಗಮನಿಸಿದ್ದೇ ನೆನಪಿಲ್ಲ. ಇಂಥ ಜಾಗದಲ್ಲಿ ನಿನಗೆ ಏನೂ ಆಗಲಿಲ್ಲವಾ? ನಗು ಅಂತಲೇ ಇರಬೇಕಾಗಿಲ್ಲ. ಏನಾದರೂ ಆಯಿತಾ, ಅಷ್ಟೇ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ ಹೇಳುತ್ತೇನೆ, ನಿನ್ನ ಅಮ್ಮನಿಗೂ ಹೇಳಿಲ್ಲ. ನನ್ನ ಅಪ್ಪ ನಮ್ಮನ್ನೆಲ್ಲ ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗದ್ದೆ ಬಯಲಲ್ಲಿ ಆಟ, ಕಂಬಳಿ ಹೊದ್ದುಕೊಂಡು ಕೂರೋದು. ನನಗೆ ರಾಜನೂ ಬೇಡ, ರಾಕ್ಷಸನೂ ಬೇಡ, ಹಾಸ್ಯಗಾರ ಬಂದರೆ ಸಾಕು. ನಿದ್ದೆ ಹೋಗಿದ್ದರೆ ಅಪ್ಪ ಅವನು ಬರುವ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಿದ್ದರು. ಅಪ್ಪ ಹೋದ ಮೇಲೆ ಮುಂದಿನ ವರ್ಷ ಅದೇ ಬಯಲಲ್ಲಿ ಆಟ ಆಯಿತು. ಹೋದೆ. ಹಾಸ್ಯಗಾರ ಬಂದ, ಎಲ್ಲರೂ ನಕ್ಕರು. ನನಗೆ ಬರಲಿಲ್ಲ. ನೀನು ಬರೆದೆಯಲ್ಲ, ಹಾಗೇ. ಸುತ್ತ ಜನ ನಗುತ್ತಿದ್ದಾರೆ, ನಾನು ಯಾವುದೋ ಬೇರೆ ಊರಿನ ಜಾತ್ರೆಗೆ ಬಂದ ಹಾಗೆ ಕೂತಿದ್ದೇನೆ. ಆಮೇಲೆ ಎಷ್ಟೋ ವರ್ಷ ಆಟಕ್ಕೆ ಹೋಗಲಿಲ್ಲ. ಅಮ್ಮ ಕರೆದಾಗಲೆಲ್ಲ ಏನೋ ಕೆಲಸ ಹೇಳುತ್ತಿದ್ದೆ. ಅಮ್ಮ ಒತ್ತಾಯ ಮಾಡಲಿಲ್ಲ. ಅವಳಿಗೂ ನಗು ಬರುತ್ತಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇದ್ದೆವು, ಒಂದೇ ಒಲೆ ಮುಂದೆ ಕೂರುತ್ತಿದ್ದೆವು. ಈಗ ಕೇಳೋಣ ಅಂದ್ರೆ ಅವಳೂ ಇಲ್ಲ.

ಅದು ಹೇಗೆ ವಾಪಸ್ ಬಂತು ಅಂತ ಕೇಳುತ್ತೀಯ. ಆಟ ನೋಡಿ ಬರಲಿಲ್ಲ. ಒಂದು ದಿನ ಮನೆಯಲ್ಲಿ ಪೂಜೆ, ಭಟ್ಟರು ಶಾಲು ಕಟ್ಟೆ ಮೇಲೆ ಇಟ್ಟು ಕೈಕಾಲು ತೊಳೆಯಲು ಹೋದರು. ಕರು ಹಗ್ಗ ಬಿಚ್ಚಿಕೊಂಡು ಬಂದು ಶಾಲಿನ ತುದಿ ಬಾಯಿಗೆ ಹಾಕಿಕೊಂಡಿತು. ಅವರು ಒಂದು ಕಡೆಯಿಂದ ಎಳೆದರು, ಅದು ಇನ್ನೊಂದು ಕಡೆಯಿಂದ ಎಳೆಯಿತು. ನಾನು ಕೊಟ್ಟಿಗೆ ಹಿಂದೆ ಓಡಿ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಅದೇ ಹೊತ್ತಿಗೆ ಯಾಕೆ ಬಂತು, ಈಗಲೂ ಗೊತ್ತಿಲ್ಲ.

ಅದಕ್ಕೇ ಹೇಳೋದು, ಆ ಸಿನಿಮಾವನ್ನು ಪರೀಕ್ಷೆ ಮಾಡಿಕೊಳ್ಳಬೇಡ. ನಕ್ಕರೆ ಪಾಸು, ನಗದಿದ್ದರೆ ಫೇಲು ಅಂತ ನೀನೇ ನಿನಗೆ ಹಾಕಿಕೊಂಡಿದ್ದೀಯ.

ಆ ಸಿನಿಮಾಕ್ಕೇ ಮೊದಲು ನಗು ಸಿಗಲಿಲ್ಲ, ಗೊತ್ತಾ? ಹುಡುಗ ಫೋನಿನಲ್ಲಿ ಓದಿ ಹೇಳಿದ. 1985ರ ಡಿಸೆಂಬರ್‌ನಲ್ಲಿ ಬಂತು. ಜೊನಾಥನ್ ಲಿನ್ ಅನ್ನುವವರ ನಿರ್ದೇಶನ. ಮೂರು ಕೊನೆ ಮಾಡಿ, ಒಂದೊಂದು ಟಾಕೀಸಿಗೆ ಒಂದೊಂದು ಕೊನೆ ಕಳಿಸಿದರಂತೆ. ಜನಕ್ಕೆ ಹಿಡಿಸಲಿಲ್ಲ, ಹಾಕಿದ ದುಡ್ಡೂ ಸರಿಯಾಗಿ ಹುಟ್ಟಲಿಲ್ಲ. ಆಮೇಲೆ ಮೂರೂ ಕೊನೆ ಸೇರಿಸಿ ಕ್ಯಾಸೆಟ್ ಬಂತು, ಟಿವಿಯಲ್ಲೂ ಬಂತು. ಮನೆಮನೆಯಲ್ಲಿ ಮಕ್ಕಳು, ದೊಡ್ಡವರು ಕೂಡಿ ಕೂತು ಮತ್ತೆ ಮತ್ತೆ ನೋಡಿದ ಮೇಲೆ ಅದು ಎಲ್ಲರ ಸಿನಿಮಾ ಆಯಿತು. ನಿಮ್ಮದೂ ಅಂಥದ್ದೇ ಒಂದು ಮನೆ.

ಅದರಲ್ಲೂ ನಮ್ಮ ಮನೆಯಲ್ಲಿ ನೋಡಿದ ಹಾಗೆ ಬೇರೆ ಎಲ್ಲೂ ನೋಡಿರಲಾರರು. ಕರೆಂಟ್ ಕೊಡುವ ಲಿಂಗನಮಕ್ಕಿ ಅಣೆಕಟ್ಟು ನಮ್ಮ ತಾಲ್ಲೂಕಿನಲ್ಲೇ ಇದ್ದರೂ ಆಷಾಢದ ಮಳೆಯಲ್ಲಿ ಕರೆಂಟ್ ಉಳಿದದ್ದುಂಟಾ? ಸಿನಿಮಾದಲ್ಲೂ ಗುಡುಗು ಮಳೆ, ಹೊರಗೂ ಮಳೆ. ಅಲ್ಲಿ ಯಾರೋ ಮೇನ್ ಸ್ವಿಚ್ ತೆಗೆಯುತ್ತಾರೆ, ಕತ್ತಲಲ್ಲಿ ಮೂರು ಕೊಲೆ ಆಗುತ್ತದೆ. ಒಂದು ಸಲ ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕರೆಂಟೂ ಹೋಗಿ, ನೀವೆಲ್ಲ ಕಿರುಚಿದ ಕಿರುಚಿಗೆ ಆಚೆ ಮನೆಯವರು ಲಾಟೀನು ಹಿಡಿದುಕೊಂಡು ಬಂದಿದ್ದರು. ಇನ್ನೊಂದು ಸಲ ಎರಡನೇ ಕೊನೆ ಮುಗಿಯುತ್ತಿದ್ದ ಹಾಗೆ ಹೋಗಿ ಬೆಳಗಿನವರೆಗೂ ಬರಲಿಲ್ಲ. ಆ ಆರು ಜನರಲ್ಲಿ ಪೀಕಾಕ್ ಅನ್ನುವ ಹೆಂಗಸೇ ಎಲ್ಲರನ್ನೂ ಕೊಂದವಳು ಅಂತ ನೀನು ನಂಬಿಕೊಂಡು ಮಲಗಿದೆ, ಶಾಲೆಯಲ್ಲೂ ಹಾಗೇ ಹೇಳಿ ಬಂದೆ. ಕರೆಂಟ್ ಇಲ್ಲದ ಆ ರಾತ್ರಿ ಉಳಿದ ಕತೆಯನ್ನು ನಿನ್ನಪ್ಪನೇ ಆಡಿ ತೋರಿಸಿದ.

ಅಲ್ಲೇ ಬಂದು ನಿಲ್ಲುತ್ತಿದೆ ನನ್ನ ಯೋಚನೆ. ಕೊನೆಗೆ ಬಟ್ಲರ್ ನಡೆದದ್ದನ್ನೆಲ್ಲ ಮೊದಲಿಂದ ಆಡಿ ತೋರಿಸುತ್ತಾ ಮನೆ ತುಂಬ ಓಡುತ್ತಾನಲ್ಲ, ಟಿಮ್ ಕರಿ ಮಾಡಿದ್ದು. ಅದನ್ನೇ ನಿನ್ನಪ್ಪ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಜಗಲಿಯಿಂದ ನಡುಮನೆ, ನಡುಮನೆಯಿಂದ ಕೊಟ್ಟಿಗೆವರೆಗೆ ಓಡಿ ಮಾಡುತ್ತಿದ್ದ. ಸುಲಿಯಲು ಬಂದವರಿಗೆ ಆ ಸಿನಿಮಾ ಏನು ಅಂತಲೇ ಗೊತ್ತಿರಲಿಲ್ಲ, ಆದರೂ ಮೆಟ್ಟುಗತ್ತಿ ಬಿಟ್ಟು ನಗುತ್ತಿದ್ದರು. ಮೊನ್ನೆ ಆ ಜಾಗ ಬಂದಾಗ ನಾನು ಟಿವಿ ನೋಡಲಿಲ್ಲ, ಜಗಲಿ ಬಾಗಿಲು ನೋಡಿದೆ. ನಿನಗೆ ಅಲ್ಲಿ ಯಾರು ಕಂಡರು? ಬೆಂಗಳೂರಿನ ರೂಮಲ್ಲಿ, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡು, ಒಬ್ಬಳೇ ಅದನ್ನು ನೋಡುವಾಗ ನಗು ಬಂದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು. ನೀನು ಅಪ್ಪನನ್ನು ಹುಡುಕಿಕೊಂಡು ಹೋದೆ, ಅಲ್ವಾ? ಅಲ್ಲಿ ಅವನು ಇರಲಿಲ್ಲ. ಅದು ನಿನ್ನ ತಪ್ಪಲ್ಲ, ಸಿನಿಮಾದ ತಪ್ಪೂ ಅಲ್ಲ.

ಏನು ಮಾಡು ಅಂತ ಹೇಳಲಿ, ನನಗೆ ಅಷ್ಟೆಲ್ಲ ಗೊತ್ತಿಲ್ಲ. ರಾತ್ರಿ ಒಬ್ಬಳೇ ಅದನ್ನು ಮತ್ತೆ ಹಾಕಬೇಡ, ಸದ್ಯಕ್ಕೆ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇದು ಎಲ್ಲರೂ ಹೇಳುವ ಮಾತೇ, ಆದರೂ ಹೇಳುತ್ತೇನೆ. ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡ. ಸಿನಿಮಾ ಒಂದೇ ಅಲ್ಲ, ಯಾವುದೂ ರುಚಿಸುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಬೆಳಗ್ಗೆ ಏಳಲು ಮನಸ್ಸೇ ಇಲ್ಲ ಅಂತಿದ್ದರೆ ಮುಚ್ಚಿಡಬೇಡ, ಡಾಕ್ಟರ ಹತ್ತಿರ ಹೋಗು. ಟೆಲಿ-ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ನನ್ನ ಕಾಲದಲ್ಲಿ ಇಂಥದ್ದು ಇರಲಿಲ್ಲ. ಇದ್ದರೂ ನಾನು ಮಾಡುತ್ತಿದ್ದೆನೋ ಇಲ್ಲವೋ. ನೀನು ಮಾಡು. ಬೇಕಾಗದೇ ಇದ್ದರೆ ಇನ್ನೂ ಒಳ್ಳೆಯದು, ನಂಬರ್ ಸುಮ್ನೆ ಬರೆದಿಟ್ಟುಕೋ.

ನಿನ್ನ ಅಮ್ಮನ ಹತ್ತಿರವೂ ಒಂದು ಸಲ ಈ ಮಾತು ಎತ್ತು. ನಗು ಬರಲಿಲ್ಲ ಅಂತಲೇ ಹೇಳು. ಅವಳು ಏನು ಹೇಳುತ್ತಾಳೋ ನೋಡು. ನಾನು ನನ್ನ ಅಮ್ಮನಿಗೆ ಕೇಳದೇ ಉಳಿದದ್ದಕ್ಕೆ ಹೇಳುತ್ತಿದ್ದೇನೆ, ಅಷ್ಟೇ.

ಚೌತಿಗೆ ರಜೆ ಸಿಕ್ಕರೆ ತಾಳಗುಪ್ಪ ರೈಲಿಗೆ ಬಾ. ಸಾಗರದಲ್ಲಿ ಇಳಿದರೆ ದೊಡ್ಡಪ್ಪ ಕಾರು ತರುತ್ತಾರೆ. ಸಿನಿಮಾ ನೋಡಲೇಬೇಕು ಅಂತೇನಿಲ್ಲ. ನೋಡೋಣ ಅನ್ನಿಸಿದರೆ ನಾನು ಈ ಸಲ ಕೂರುತ್ತೇನೆ, ಸಾರು ನಿನ್ನ ಅಮ್ಮ ನೋಡಿಕೊಳ್ಳಲಿ. ಅಲ್ಲಿವರೆಗೆ ದಿನಾ ರಾತ್ರಿ ಊಟ ಆಯಿತು ಅಂತ ಒಂದು ಮೆಸೇಜ್ ಹಾಕು. ಫೋನ್ ಮಾಡುವುದಾದರೆ ಮನೆಯ ಲ್ಯಾಂಡ್‌ಲೈನಿಗೇ ಮಾಡು, ಮಳೆಗೆ ಮೊಬೈಲ್ ಸರಿಯಾಗಿ ಸಿಗುತ್ತಿಲ್ಲ.

ನಿನ್ನ ದೊಡ್ಡಮ್ಮ