ಪರ ಊರಿನ ಬೆಂಬಲಿಗರಿಗೂ ಆಟದ ಅಂಕಣದ ಬಳಿ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಅಮೆರಿಕಕ್ಕೆ ಹೋಗಿಬಂದವರ ಲೇಖನಗಳು ಆಗಾಗ ಬರುತ್ತವೆ. ನಯಾಗರ, ಗ್ರ್ಯಾಂಡ್ ಕ್ಯಾನ್ಯನ್, ಗೋಲ್ಡನ್ ಗೇಟ್ ಸೇತುವೆಗಳ ವರ್ಣನೆ ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಮಕ್ಕಳ ಮನೆಗೆಂದು ಹೋಗಿ ಐದಾರು ತಿಂಗಳು ಉಳಿಯುವ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ತಂದೆತಾಯಿಯರು ಅಲ್ಲಿನ ಒಂದಾದರೂ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು, ಅದರಲ್ಲೂ ಇನ್ನೊಂದು ಊರಿಗೆ ಹೋಗಿ ಪ್ರವಾಸಿ ತಂಡದ ಬೆಂಬಲಿಗರಾಗಿ ಕುಳಿತು, ನೋಡಿಬರಬೇಕೆಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನು, ಮಗನಿರುವ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೋದಾಗಲೆಲ್ಲ ಈ ಪಂದ್ಯಗಳನ್ನು ಆಸಕ್ತಿಯಿಂದ ನೋಡಿದ್ದೇನೆ. ಹೊರ ಊರಿನಿಂದ ಬಂದ ಪ್ರೇಕ್ಷಕನನ್ನು ಅಲ್ಲಿನವರು ನಡೆಸಿಕೊಳ್ಳುವ ಬಗೆಯಲ್ಲಿ, ಮಲೆನಾಡಿನಲ್ಲಿ ಪಂದ್ಯಾವಳಿ ನಡೆಸುವ ನಮಗೂ ಕಲಿಯುವುದು ಬಹಳವಿದೆ ಎಂಬುದೇ ಈ ಪತ್ರದ ವಿಷಯ.

ಎನ್‌ಬಿಎ ಎಂದು ಕರೆಯಲಾಗುವ ಆ ಲೀಗ್‌ನಲ್ಲಿ 30 ತಂಡಗಳಿವೆ. ಅವುಗಳಲ್ಲಿ ಟೊರೊಂಟೊ ತಂಡವೊಂದು ಕೆನಡಾದ್ದು, ಉಳಿದವೆಲ್ಲ ಅಮೆರಿಕದವು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಲೀಗ್ ಹಂತದಲ್ಲಿ ಒಂದೊಂದು ತಂಡವೂ 82 ಪಂದ್ಯಗಳನ್ನಾಡುತ್ತದೆ. ಅದರಲ್ಲಿ ಅರ್ಧ ತವರಿನಲ್ಲಿ, ಅರ್ಧ ಪರ ಊರಿನಲ್ಲಿ. ನಮ್ಮವರು ಚಳಿಗಾಲದಲ್ಲಿ ಅಲ್ಲಿಗೆ ಹೋದರೆ ಹೊರಗೆ ತಿರುಗಾಡಲಾಗದೆ ಮನೆಯೊಳಗೇ ಕೂರಬೇಕಾಗುತ್ತದೆ ಎಂದು ಬೇಸರಪಡುತ್ತಾರಲ್ಲ, ಆ ತಿಂಗಳುಗಳಲ್ಲೇ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಯಾವುದಾದರೊಂದು ಊರಿನಲ್ಲಿ ಪಂದ್ಯವಿರುತ್ತದೆ. ಬಹುಪಾಲು ಕ್ರೀಡಾಂಗಣಗಳು ಊರಿನ ನಡುಮಧ್ಯದಲ್ಲೇ ಇವೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ನೆತ್ತಿಯ ಮೇಲೆಯೇ ನಿಂತಿದೆ. ಬಾಸ್ಟನ್ನಿನ ಟಿಡಿ ಗಾರ್ಡನ್ ಕೂಡ ನಾರ್ತ್ ಸ್ಟೇಷನ್ನಿನ ಮೇಲಿದೆ. ಕಾರು ಓಡಿಸಲು ಬಾರದ ಹಿರಿಯರು ಸಹ ರೈಲಿಳಿದು ಮೆಟ್ಟಿಲು ಹತ್ತಿ ಒಳಗೆ ಹೋಗಬಹುದು.

ನಾನು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಅಭಿಮಾನಿ. ಅವರು ತವರಿನಲ್ಲಿ ಆಡುವುದನ್ನು ನೋಡುವುದು ಒಂದು ಸಂತೋಷ. ಸ್ಯಾಕ್ರಮೆಂಟೊ ನಗರಕ್ಕೆ ಹೋಗಿ ಅಲ್ಲಿನ ಕಿಂಗ್ಸ್ ತಂಡದ ಬೆಂಬಲಿಗರ ನಡುವೆ ಕುಳಿತು ನೋಡುವುದು ಮಾತ್ರ ಬೇರೆಯೇ ಅನುಭವ. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಓಕ್‌ಲ್ಯಾಂಡಿನಿಂದ ಕ್ಯಾಪಿಟಲ್ ಕಾರಿಡಾರ್ ರೈಲಿನಲ್ಲಿ ಸುಮಾರು ಎರಡು ತಾಸಿನ ಪ್ರಯಾಣ. ನಿಲ್ದಾಣದಿಂದ ಗೋಲ್ಡನ್ ವನ್ ಸೆಂಟರ್ ಎಂಬ ಕ್ರೀಡಾಂಗಣ ನಡೆದು ಹೋಗುವಷ್ಟು ಹತ್ತಿರ. ಕಿಂಗ್ಸ್ ತಂಡದ ಒಡೆತನ ಮುಂಬೈಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆ ಅವರ ನೇತೃತ್ವದ ಗುಂಪಿನದು. ಆ ಊರಿನ ಬೆಂಬಲಿಗರು ದನದ ಕೊರಳಿಗೆ ಕಟ್ಟುವ ಗಂಟೆಗಳನ್ನು ಕೈಯಲ್ಲಿ ಹಿಡಿದು ಬಾರಿಸುತ್ತಾರೆ. ಲಾಸ್ ಏಂಜಲೀಸ್ ಲೇಕರ್ಸ್ ತಂಡದ ತರಬೇತುದಾರರಾಗಿದ್ದ ಫಿಲ್ ಜಾಕ್ಸನ್ ಹಿಂದೊಮ್ಮೆ ಸ್ಯಾಕ್ರಮೆಂಟೊವನ್ನು ದನಗಳ ಊರೆಂದು ಹಗುರವಾಗಿ ಆಡಿದ್ದಕ್ಕೆ ಊರಿನವರು ಕೊಟ್ಟ ಉತ್ತರವದು. ಹೀಯಾಳಿಕೆಯನ್ನೇ ಹೆಮ್ಮೆಯ ಗುರುತಾಗಿ ಮಾಡಿಕೊಂಡ ಆ ಜನರ ಬಗ್ಗೆ, ಎದುರು ಪಾಳಯದಲ್ಲಿ ಕುಳಿತಿದ್ದರೂ, ನನಗೆ ಗೌರವ ಮೂಡಿತು. ನಮ್ಮ ಆಟಗಾರ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡಬರದ ಎಸೆತ) ಎಸೆಯಲು ನಿಂತಾಗ ಬುಟ್ಟಿಯ ಹಿಂಬದಿಯವರೆಲ್ಲ ಎದ್ದು ಕೈ ಬೀಸುತ್ತಾ, ಗಂಟೆ ಬಾರಿಸುತ್ತಾ ಅವನ ಏಕಾಗ್ರತೆ ಕೆಡಿಸಲು ನೋಡುತ್ತಾರೆ. ಅವನು ಚೆಂಡನ್ನು ನೆಲಕ್ಕೆ ಪುಟಿಸಿ, ಉಸಿರು ಬಿಟ್ಟು, ಆ ಗದ್ದಲದ ನಡುವೆಯೇ ಬುಟ್ಟಿಗೆ ಹಾಕಿದಾಗ ಅಷ್ಟು ಸಾವಿರ ಜನರ ಸದ್ದು ಒಮ್ಮೆಲೇ ಅಡಗುತ್ತದೆ. ಅಲ್ಲೊಬ್ಬರು ಇಲ್ಲೊಬ್ಬರು ಕುಳಿತ ನಮ್ಮಂಥವರ ಚಪ್ಪಾಳೆ ಆಗ ಸ್ಪಷ್ಟವಾಗಿ ಕೇಳುತ್ತದೆ. ಈ ಕ್ಷಣ ತವರಿನ ಪ್ರೇಕ್ಷಕನಿಗೆ ಸಿಗುವಂಥದ್ದಲ್ಲ. ಕಿಂಗ್ಸ್ ಗೆದ್ದ ರಾತ್ರಿ ಕ್ರೀಡಾಂಗಣದ ಮೇಲಿಂದ ನೇರಳೆ ಬಣ್ಣದ ಬೆಳಕನ್ನು ಆಕಾಶಕ್ಕೆ ಹಾಯಿಸುವ ಪದ್ಧತಿಯನ್ನು 2022ರಲ್ಲಿ ಆರಂಭಿಸಿದ್ದಾರೆ. ಊರಿಗೆ ಊರೇ ಫಲಿತಾಂಶವನ್ನು ಆಕಾಶ ನೋಡಿ ತಿಳಿಯುತ್ತದೆ. ಲೀಗ್ ಹಂತದ ನಂತರ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ, 2023ರ ಮೊದಲ ಸುತ್ತಿನ ನಿರ್ಣಾಯಕ ಏಳನೇ ಪಂದ್ಯದಲ್ಲಿ ವಾರಿಯರ್ಸ್‌ನ ತಾರೆ ಸ್ಟೀಫನ್ ಕರಿ 50 ಅಂಕ ಗಳಿಸಿ ಕಿಂಗ್ಸ್ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿದಾಗ ಆ ಬೆಳಕು ಹತ್ತಲಿಲ್ಲ. ಹದಿನಾರು ವರ್ಷ ಕಾದು ಪ್ಲೇಆಫ್ ಕಂಡ ಆ ಊರಿನ ಸಂಕಟವನ್ನು ಗೆದ್ದ ತಂಡದ ಬೆಂಬಲಿಗನಾದ ನಾನೂ ಅರ್ಥಮಾಡಿಕೊಳ್ಳಬಲ್ಲೆ.

ಯುರೋಪಿನ ಫುಟ್‌ಬಾಲ್‌ನಲ್ಲಿರುವಂತೆ ಎದುರು ತಂಡದ ಬೆಂಬಲಿಗರಿಗೆ ಇಲ್ಲಿ ಬೇಲಿ ಹಾಕಿದ ಪ್ರತ್ಯೇಕ ಗ್ಯಾಲರಿ ಇರುವುದಿಲ್ಲ. ವಾರಿಯರ್ಸ್‌ನ ನೀಲಿ ಅಂಗಿಯವರೂ ಕಿಂಗ್ಸ್‌ನ ನೇರಳೆ ಅಂಗಿಯವರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಪ್ರವಾಸಿ ಆಟಗಾರರ ಹೆಸರು ಹೇಳಿದಾಗ ಕೂಗಿ ಅಣಕಿಸುವುದುಂಟು, ಪಕ್ಕದವರು ಮಾತಿನಲ್ಲಿ ಚುಚ್ಚುವುದೂ ಉಂಟು. ಆದರೆ ವಿರಾಮ ಬಂದೊಡನೆ ಅವರೇ ಎಲ್ಲಿಂದ ಬಂದಿರಿ, ಈ ಆಟವನ್ನು ಎಷ್ಟು ವರ್ಷದಿಂದ ನೋಡುತ್ತಿದ್ದೀರಿ ಎಂದು ವಿಚಾರಿಸುತ್ತಾರೆ. ಈ ಸೌಜನ್ಯ ತಾನಾಗಿ ಬಂದದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. 2004ರ ನವೆಂಬರ್ 19ರಂದು ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಇಂಡಿಯಾನಾ ತಂಡದ ಆಟಗಾರರಿಗೂ ಸ್ಥಳೀಯ ಪ್ರೇಕ್ಷಕರಿಗೂ ಗ್ಯಾಲರಿಯಲ್ಲೇ ಹೊಡೆದಾಟ ನಡೆದು ಲೀಗ್ ತಲೆತಗ್ಗಿಸುವಂತಾಯಿತು. ಅದರ ಬೆನ್ನಿಗೆ, 2005ರಲ್ಲಿ, ಪ್ರೇಕ್ಷಕರಿಗೆ ನೀತಿಸಂಹಿತೆ ಜಾರಿಯಾಯಿತು. ಆಟದ ನಾಲ್ಕು ಭಾಗಗಳಲ್ಲಿ ಕೊನೆಯದಾದ ಕ್ವಾರ್ಟರ್‌ನಲ್ಲಿ ಮದ್ಯ ಮಾರದಂತೆ ಬಿಗಿ ಮಾಡಿದರು. ಈಗ ಪಕ್ಕದವನು ಕುಡಿದು ಕಾಟ ಕೊಟ್ಟರೆ ಮೊಬೈಲ್‌ನಿಂದ ಸಂದೇಶ ಕಳುಹಿಸಿ ದೂರು ಕೊಡುವ ಏರ್ಪಾಡು ಅನೇಕ ಕ್ರೀಡಾಂಗಣಗಳಲ್ಲಿದೆ. ಪರ ಊರಿನವನು ನಿಶ್ಚಿಂತೆಯಿಂದ ಕೂರುವುದರ ಹಿಂದೆ ಜನರ ಒಳ್ಳೆಯತನದ ಜೊತೆಗೆ ಈ ವ್ಯವಸ್ಥೆಯೂ ಇದೆ.

ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ತಂಡಗಳನ್ನು ಪೂರ್ವ, ಪಶ್ಚಿಮ ಎಂದು ಎರಡು ವಿಭಾಗ ಮಾಡಿದ್ದಾರೆ. ಒಂದು ವಿಭಾಗದ ತಂಡ ಇನ್ನೊಂದು ವಿಭಾಗದ ಊರಿಗೆ ಲೀಗ್ ಹಂತದಲ್ಲಿ ವರ್ಷಕ್ಕೆ ಒಂದೇ ಒಂದು ಬಾರಿ ಬರುತ್ತದೆ. ಆ ಒಂದು ರಾತ್ರಿಗಾಗಿ ದೂರದ ಹಳ್ಳಿಗಳಿಂದ ತಂದೆತಾಯಿಯರು ಮಕ್ಕಳನ್ನು ಕರೆದುಕೊಂಡು ದುಬಾರಿ ಟಿಕೆಟ್ ಕೊಂಡು ಬಂದಿರುತ್ತಾರೆ. ಆಗ ದೊಡ್ಡ ಆಟಗಾರನಿಗೆ ವಿಶ್ರಾಂತಿ ಎಂದು ಘೋಷಿಸಿದರೆ ಆ ಮಗುವಿಗೆ ಇಡೀ ವರ್ಷ ಹೋದಂತೆಯೇ. ಪಂದ್ಯಕ್ಕೆ ಮುಂಚೆ ಸ್ಟೀಫನ್ ಕರಿ ಎರಡು ಕೈಗಳಲ್ಲಿ ಎರಡು ಚೆಂಡುಗಳನ್ನು ಒಟ್ಟಿಗೆ ಪುಟಿಸುತ್ತಾ ಅಭ್ಯಾಸ ಮಾಡುವುದನ್ನು ನೋಡಲೆಂದೇ ಬಾಗಿಲು ತೆರೆದ ಕೂಡಲೇ ಓಡಿ ಬರುವ ಮಕ್ಕಳನ್ನು, ಡ್ರೆಸ್ಸಿಂಗ್ ರೂಮಿನ ದಾರಿಯ ಕಂಬಿಗೆ ಒರಗಿ ಪೆನ್ನು ಹಿಡಿದು ಹಸ್ತಾಕ್ಷರಕ್ಕೆ ಕೈ ಚಾಚುವ ಮಕ್ಕಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಅನ್ಯಾಯವೆಂದು ಹೇಳಬೇಕಾಗಿಲ್ಲ. 2023ರಲ್ಲಿ ಲೀಗ್ ಈ ಬಗ್ಗೆ ನಿಯಮ ತಂದು, ಆರೋಗ್ಯವಾಗಿರುವ ತಾರಾ ಆಟಗಾರರನ್ನು ಮನಬಂದಂತೆ ಕೂರಿಸುವ ತಂಡಗಳಿಗೆ ದಂಡ ವಿಧಿಸಲು ಮುಂದಾದದ್ದು ಸ್ವಾಗತಾರ್ಹ. ಗಾಯಾಳುಗಳ ಪಟ್ಟಿ ಪಂದ್ಯಕ್ಕೆ ಮೊದಲೇ ಪ್ರಕಟವಾಗುತ್ತದೆ. ದೂರದಿಂದ ಹೊರಡುವವರು ಅದನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು.

ಹೋಗುವವರಿಗೆ ಇನ್ನೂ ಕೆಲವು ಮಾತು. ವಾರದ ನಡುವಿನ ದಿನಗಳಲ್ಲಿ, ಎದುರಾಳಿ ಅಷ್ಟೇನೂ ಹೆಸರು ಮಾಡಿರದ ತಂಡವಾದಾಗ, ಟಿಕೆಟ್ ದರ ಇಳಿದಿರುತ್ತದೆ. ಮೇಲಿನ ಸಾಲುಗಳಿಂದ ಇಡೀ ಅಂಕಣದ ಆಟ ಚೆನ್ನಾಗಿಯೇ ಕಾಣುತ್ತದೆ. ಟಿಕೆಟ್ ಮೊಬೈಲಿನಲ್ಲೇ ಬರುವುದರಿಂದ ಮಗನ ಅಥವಾ ಸೊಸೆಯ ನೆರವು ಬೇಕು. ಬ್ಯಾಗ್‌ಗಳ ಮೇಲೆ ನಿರ್ಬಂಧವಿದೆ, ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಹೋಗುವುದು ಲೇಸು. ವಾಪಸಿನ ಕೊನೆಯ ರೈಲಿನ ವೇಳೆಯನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಇನ್ನು ನಮ್ಮಲ್ಲಿಗೆ ಬರುತ್ತೇನೆ. ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಮಲೆನಾಡಿನ ಊರೂರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ನಡೆಯುತ್ತವೆ. ಘಟ್ಟದ ಕೆಳಗಿನಿಂದಲೂ ತಂಡಗಳು ಬರುತ್ತವೆ. ಅವುಗಳ ಹಿಂದೆ ಜೀಪು, ಟೆಂಪೊಗಳಲ್ಲಿ ಬೆಂಬಲಿಗರೂ ಬರುತ್ತಾರೆ. ಅವರು ಎಲ್ಲಿ ಕೂರಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಕರಪತ್ರದಲ್ಲಿ ರಾತ್ರಿ ಎಂಟಕ್ಕೆ ಎಂದು ಅಚ್ಚಾದ ಪಂದ್ಯ ಅತಿಥಿಗಳ ಭಾಷಣ, ಸನ್ಮಾನಗಳೆಲ್ಲ ಮುಗಿದು ಹನ್ನೊಂದಕ್ಕೆ ಶುರುವಾಗುತ್ತದೆ, ಫೈನಲ್ ಮುಗಿಯುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಊರಿನವರು ಮನೆಗೆ ಹೋಗಿ ಊಟ ಮಾಡಿ ಬರಬಹುದು; ಆಗುಂಬೆ ಘಾಟಿ ಇಳಿದು ಮನೆ ಸೇರಬೇಕಾದವನು ಏನು ಮಾಡಬೇಕು? ಅಮೆರಿಕದಲ್ಲಿ ಏಳಕ್ಕೆ ಎಂದರೆ ಏಳೂಕಾಲರೊಳಗೆ ಚೆಂಡು ಮೇಲಕ್ಕೆ ಹಾರಿರುತ್ತದೆ, ಎರಡೂವರೆ ತಾಸಿನೊಳಗೆ ಹೆಚ್ಚಿನ ಪಂದ್ಯಗಳು ಮುಗಿಯುತ್ತವೆ. ದೂರದಿಂದ ಬಂದವನಿಗೆ ಆಯೋಜಕರು ತೋರಬಹುದಾದ ಮೊದಲ ಮರ್ಯಾದೆ ಹೇಳಿದ ಹೊತ್ತಿಗೆ ಆಟ ಆರಂಭಿಸುವುದು ಎಂದೇ ನಾನು ತಿಳಿದಿದ್ದೇನೆ. ಇನ್ನು ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ ಬಯಲಿಗೆ ಯಾವ ತಾಯಿ ತಾನೇ ಮಗಳನ್ನು ಆಟ ನೋಡಲು ಕರೆತಂದಾಳು?

ಆಟ ನೋಡಲೆಂದು ಪ್ರಯಾಣ ಮಾಡುವ ರೂಢಿ ನಮ್ಮ ಮಕ್ಕಳಲ್ಲಿ ಬೆಳೆಯಬೇಕು. 2019ರ ಸೆಪ್ಟೆಂಬರ್‌ನಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದು, ಫೈನಲ್‌ನಲ್ಲಿ ಜಪಾನ್ ಚೀನಾವನ್ನು ಸೋಲಿಸಿತು. ಅದರ ಮರುವಾರವೇ, ಅಕ್ಟೋಬರ್ 4 ಮತ್ತು 5ರಂದು, ಎನ್‌ಬಿಎ ಮೊದಲ ಬಾರಿಗೆ ಭಾರತಕ್ಕೆ ಬಂದು ಮುಂಬೈಯಲ್ಲಿ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳ ಎರಡು ಪಂದ್ಯಗಳನ್ನಾಡಿಸಿತು. ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಏಷ್ಯಾದ ಅತ್ಯುತ್ತಮ ಆಟಗಾರ್ತಿಯರು ಅಷ್ಟು ಹತ್ತಿರದಲ್ಲಿ ಆಡಿದ್ದನ್ನು ನಮ್ಮ ಜಿಲ್ಲೆಯ ಎಷ್ಟು ಶಾಲೆಗಳು ತಮ್ಮ ಹೆಣ್ಣುಮಕ್ಕಳಿಗೆ ತೋರಿಸಿದವು? ಶಾಲಾ ಪ್ರವಾಸವೆಂದರೆ ಜೋಗ, ಮೈಸೂರು, ಹಂಪಿ ಎಂಬ ಪಟ್ಟಿಗೆ ಇಂಥದ್ದೊಂದು ಪಂದ್ಯವನ್ನೂ ಸೇರಿಸಬಾರದೇಕೆ?

ತಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ. ರಾಜ್ಯದಲ್ಲಿ ನಡೆಯಲಿರುವ ಪ್ರಮುಖ ಪಂದ್ಯಾವಳಿಗಳ ವೇಳಾಪಟ್ಟಿಯನ್ನು, ಟಿಕೆಟ್ ಸಿಗುವ ಜಾಗ, ಹತ್ತಿರದ ನಿಲ್ದಾಣ, ಮುಗಿಯುವ ಅಂದಾಜು ವೇಳೆಯ ಸಮೇತ ಒಂದೆರಡು ವಾರ ಮುಂಚಿತವಾಗಿಯೇ ಪ್ರಕಟಿಸಿದರೆ ಮಲೆನಾಡಿನ ಮೂಲೆಯಲ್ಲಿರುವವರಿಗೂ ಹೊರಡಲು ಅನುಕೂಲವಾಗುತ್ತದೆ. ನಮ್ಮ ಪಂದ್ಯಾವಳಿಗಳ ಆಯೋಜಕರು ಬರುವ ಹಂಗಾಮಿನಿಂದಲೇ ಅಂಕಣದ ಬಳಿ ಪರ ಊರಿನ ಬೆಂಬಲಿಗರಿಗೆಂದು ಒಂದೆರಡು ಸಾಲು ಕುರ್ಚಿ ಕಾದಿರಿಸಿ, ಸನ್ಮಾನ ಕಾರ್ಯಕ್ರಮವನ್ನು ಫೈನಲ್‌ನ ನಂತರಕ್ಕೆ ಇಟ್ಟುಕೊಳ್ಳಲಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ,
ಸಾಗರ, ಶಿವಮೊಗ್ಗ ಜಿಲ್ಲೆ