ನಿನ್ನ ಎಂಜಿನ್ ಕ್ಷೇಮ

ಪ್ರಿಯ ಗೆಳೆಯಾ,

ನಾನು ಕ್ಷೇಮ. ನಿನ್ನ ಪುಟ್ಟ ಮಾದರಿ ಉಗಿ ಎಂಜಿನ್ ನನಗಿಂತಲೂ ಕ್ಷೇಮ. ಹೊರಡುವ ಗಡಿಬಿಡಿಯಲ್ಲಿ ಅದನ್ನು ನನ್ನ ಕೈಗಿತ್ತು ನೀನು ಹೇಳಿದ್ದು ಒಂದೇ ಮಾತು: ‘ಒಣಗಿಸಿ ಇಡು’. ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದೇನೆ ಎಂಬುದಕ್ಕೆ ನಾಲ್ಕು ಜನ ಸಾಕ್ಷಿಗಳಿರಲಿ ಎಂದೇ ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ಉಗಿ ಏರಿಸುವ ಬಗ್ಗೆ ನಮ್ಮವರು ರಾತ್ರಿಯಿಡೀ ಮಾತನಾಡಬಲ್ಲರು. ಬೆಂಕಿ ಆರಿದ ಮೇಲಿನ ಕೆಲಸದ ಮಾತು ಬಂದರೆ ಎಲ್ಲರಿಗೂ ಮನೆ ನೆನಪಾಗುತ್ತದೆ, ನಿನಗೆ ಎಲ್ಲರಿಗಿಂತ ಮೊದಲು. ಮೂರನೆಯ ಸ್ಕ್ರೂವಿನ ವಿಷಯವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನೀನು ಹೊರಡುವ ಮುನ್ನ ಕೊನೆಯ ಬಾರಿ ಓಡಿಸಿದೆವಲ್ಲ, ನೀನು ಅತ್ತ ಹೋದ ಮೇಲೆ ನಡೆದದ್ದು ಇದು. ಒಲೆಯ ಕೆಂಡವನ್ನೆಲ್ಲ ತೆಗೆದು, ಒತ್ತಡ ಒಂದು ಬಾರ್ ಆಸುಪಾಸಿಗೆ ಇಳಿಯುವವರೆಗೆ ಕಾದು, ಬಾಯ್ಲರಿನ ನೀರು ಹೊರಬಿಡುವ ಬ್ಲೋಡೌನ್ ವಾಲ್ವ್ ತೆರೆದೆ. ನೀರೆಲ್ಲ ಭುಸುಗುಟ್ಟುತ್ತ ಹೊರಬಿತ್ತು. ಒಳಗೆ ಉಳಿದ ಪಸೆಯನ್ನು ತಾಮ್ರದ ಬಿಸಿಯೇ ಆರಿಸಿತು. ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆ ನೀರು ತುಂಬುವ ಮುಚ್ಚಳವನ್ನು ತೆಗೆದಿಟ್ಟೆ. ಇದನ್ನು ಮರೆಯುವವರೇ ಹೆಚ್ಚು. ಒಂದು ಪಾಲು ನೀರು ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಾಲು ಉಗಿಯಾಗಿ ಹಿಗ್ಗುತ್ತದೆ. ಮುಚ್ಚಿದ ಬಾಯ್ಲರ್ ತಣ್ಣಗಾದಾಗ ಅದೇ ಉಗಿ ಮತ್ತೆ ಹನಿಯಾಗಿ ಕುಗ್ಗಿ, ಒಳಗೆ ನಿರ್ವಾತ ಉಂಟಾಗುತ್ತದೆ. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಸ್ವಲ್ಪ ಸೋರುತ್ತಿದ್ದರೂ ಸಾಕು, ಸಿಲಿಂಡರಿಗೆ ಎಣ್ಣೆ ಉಣಿಸುವ ಲೂಬ್ರಿಕೇಟರಿನಿಂದ ಎಣ್ಣೆಯನ್ನು ಬಾಯ್ಲರ್ ತನ್ನೊಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ನೊರೆಗಟ್ಟಿ ಉಗಿಯ ಜೊತೆ ಸಿಲಿಂಡರಿಗೆ ನುಗ್ಗುತ್ತದೆ.

ಲೂಬ್ರಿಕೇಟರಿನ ಕೆಲಸ ನನಗೆ ಬಹಳ ಇಷ್ಟ. ಉಗಿ ಅದರೊಳಗೆ ತಣಿದು ನೀರಾಗಿ ತಳ ಸೇರುತ್ತದೆ, ಎಣ್ಣೆ ಮೇಲೆದ್ದು ಸಿಲಿಂಡರಿನತ್ತ ಹೋಗುತ್ತದೆ. ಚಲಿಸುವ ಭಾಗ ಒಂದೂ ಇಲ್ಲದ ಎಂಥ ಅಚ್ಚುಕಟ್ಟಾದ ಉಪಾಯ! ಓಟ ಮುಗಿದಾಗ ತಳದಲ್ಲಿ ನೀರು ನಿಂತಿರುತ್ತದೆ. ಕೆಳಗಿನ ಸ್ಕ್ರೂ ಸಡಿಲಿಸಿದರೆ ಮೊದಲು ತಿಳಿನೀರು ಇಳಿಯುತ್ತದೆ, ಆಮೇಲೆ ಕದಡಿದ ಕಂದು ನೊರೆ, ಕೊನೆಗೆ ದಪ್ಪ ಎಣ್ಣೆ ಎಳೆಯಾಗಿ ಬೆರಳಿಗೆ ಅಂಟುತ್ತದೆ. ಅಲ್ಲಿಗೆ ಸ್ಕ್ರೂ ಬಿಗಿದು, ಉಗಿ ಕೊಳವೆಯಿಂದ ಸಿಲಿಂಡರಿಗೂ ಅದೇ ಎಣ್ಣೆಯ ಕೆಲವು ಹನಿ ಬಿಟ್ಟು, ನೀರು ಬಸಿಯುವ ಡ್ರೈನ್ ಕಾಕ್‌ಗಳನ್ನು ತೆರೆದಿಟ್ಟು, ಎಂಜಿನನ್ನು ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ತಳ್ಳಿದೆ. ಮೊದಮೊದಲು ಪಿಸ್ಟನ್ ತಡವರಿಸಿತು. ಎಣ್ಣೆ ಬೀಡುಕಬ್ಬಿಣದ ಗೋಡೆಯನ್ನೆಲ್ಲ ಹಿಡಿದುಕೊಂಡಾಗ ಅಂಗೈಗೇ ಗೊತ್ತಾಗುವಂತೆ ಎಂಜಿನ್ ಹಗುರಾಯಿತು.

ಚಿಮಣಿಯ ಬುಡದ ಹೊಗೆಪೆಟ್ಟಿಗೆಯ ಬೂದಿಯನ್ನು ಅದೇ ದಿನ ತೆಗೆದೆ. ಬೂದಿ ಗಾಳಿಯ ತೇವವನ್ನು ಹೀರುತ್ತದೆ, ಕಲ್ಲಿದ್ದಲಿನ ಗಂಧಕದ ಜೊತೆ ಸೇರಿ ಆಮ್ಲವಾಗಿ ತೆಳು ಉಕ್ಕಿನ ತಗಡನ್ನು ತಿನ್ನುತ್ತದೆ. ಇನ್ನು ಎಂಜಿನ್ ಇಡುವ ಪೆಟ್ಟಿಗೆ. ಓಕ್ ಮರದ್ದು ಬೇಡ ಎಂದು ಹಟ ಹಿಡಿದೆ, ಅದು ಬಿಡುವ ಅಸಿಟಿಕ್ ಆಮ್ಲದ ಆವಿ ಲೋಹಕ್ಕೆ ಆಗಿಬರುವುದಿಲ್ಲ. ಫೋಮ್ ಕೂಡ ಬೇಡ, ವರ್ಷ ಕಳೆದಂತೆ ಅಂಟಂಟಾಗಿ ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ. ಕಿತ್ತಳೆ ಬಣ್ಣದ ಹರಳುಗಳು ಹಸಿರಾದರೆ ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಇಡುತ್ತೇನೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಬಾಯ್ಲರಿಗೆ ನೀರೊತ್ತುವ ಪಂಪಿನಲ್ಲಿ ಉಳಿಯುವ ಹನಿಗಳನ್ನು ದಯವಿಟ್ಟು ಹೊರತೆಗೆಯಿರಿ. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕಂಚಿನ ಎರಕವೂ ಅದನ್ನು ತಾಳಲಾರದು.

ಇಲ್ಲಿಗೆ ವರದಿ ಮುಗಿಯಬೇಕಿತ್ತು.

ಮೊನ್ನೆ ಪೆಟ್ಟಿಗೆ ತೆರೆದು ನೋಡಿದೆ. ಒಂದು ಚುಕ್ಕೆ ತುಕ್ಕಿಲ್ಲ, ಹಿತ್ತಾಳೆಗೆ ಕಿಲುಬಿಲ್ಲ. ಆದರೆ ಸೇಫ್ಟಿ ವಾಲ್ವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರೆ ಅದು ಏಳಲಿಲ್ಲ. ಸ್ವಲ್ಪ ಬಲ ಹಾಕಿದಾಗ ‘ಟಿಕ್’ ಎಂದು ಬಿಟ್ಟಿತು. ಒಳಗಿನ ಗುಂಡು ತನ್ನ ಪೀಠಕ್ಕೆ ಅಂಟಿಕೊಂಡಿತ್ತು. ರೆಗ್ಯುಲೇಟರ್ ಬಿಗಿಯಾಗಿತ್ತು. ಪಿಸ್ಟನ್ನಿನ ರಬ್ಬರ್ ಉಂಗುರ ನಿಂತಲ್ಲೇ ಕಚ್ಚಿಕೊಂಡು, ಚಕ್ರದ ಮೊದಲ ಅರ್ಧ ಸುತ್ತಿಗೆ ತಕರಾರು ತೆಗೆಯಿತು. ಇವು ತೇವದ ಕೆಲಸವಲ್ಲ, ಸುಮ್ಮನೆ ನಿಂತದ್ದರ ಫಲ. ಎಷ್ಟೇ ಚೆನ್ನಾಗಿ ಒಣಗಿಸಿದರೂ ಉಗಿ ಎಂಜಿನ್ನಿಗೆ ಆಗಾಗ ಉಗಿ ಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಹಾಗಾದರೆ ಇಷ್ಟು ದಿನ ಏಕೆ ಬೆಂಕಿ ಹಾಕಲಿಲ್ಲ? ಮಳೆ ಎಂದೆ, ಇದ್ದಿಲು ಹಸಿಯಾಗಿದೆ ಎಂದೆ, ಕೆಲಸದ ಒತ್ತಡ ಎಂದೆ. ನಿಜ ಹೇಳುತ್ತೇನೆ. ಕೈಪಂಪು ನನ್ನದು, ಗೇಜು ನಿನ್ನದು ಎಂದು ಹಂಚಿಕೊಂಡು ಓಡಿಸಿದ ಎಂಜಿನ್ ಅದು. ಈಗ ಎರಡೂ ನನ್ನ ಕೈಯಲ್ಲಿದ್ದು, ಅದು ಕೆಟ್ಟು ನಿಂತರೆ ಎಂಬ ಭಯ ನನಗಿಲ್ಲ, ರಿಪೇರಿ ಮಾಡಬಲ್ಲೆ. ನೀನಿಲ್ಲದೆಯೂ ಚೆನ್ನಾಗಿ ಓಡಿಬಿಟ್ಟರೆ ಎಂಬುದೇ ನನ್ನ ಭಯ. ಪೆಟ್ಟಿಗೆಯಲ್ಲಿ ಇರುವಷ್ಟು ದಿನ ಅದು ನೀನು ಬಿಟ್ಟುಹೋದಂತೆಯೇ ಇರುತ್ತದೆ, ನೀನೂ ಇಲ್ಲೇ ಎಲ್ಲೋ ಇದ್ದೀಯ ಎನ್ನಿಸುತ್ತದೆ. ನಾನು ಕಾಪಾಡುತ್ತಿದ್ದದ್ದು ಎಂಜಿನನ್ನೋ ಆ ಭ್ರಮೆಯನ್ನೋ ಎಂದು ವಾಲ್ವು ‘ಟಿಕ್’ ಎಂದ ಕ್ಷಣ ಅನುಮಾನವಾಯಿತು. ನಿನ್ನನ್ನು ಇಷ್ಟೊಂದು ನೆನೆಯುತ್ತೇನೆಂದು ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ.

ಹೋಗಲಿ, ಸಾಕ್ಷಿಗಳು ಈ ಭಾಗವನ್ನು ಓದಿಯೂ ಓದದಂತೆ ಇರಲಿ. ನೀನಂತೂ ಇದನ್ನು ನೆಪ ಮಾಡಿಕೊಂಡು ಫೋನಿನಲ್ಲಿ ದನಿ ಭಾರ ಮಾಡಬೇಡ. ಹಾಗೇನಾದರೂ ಮಾಡಿದರೆ ಮೂರನೆಯ ಸ್ಕ್ರೂ ಹೊರಬರುತ್ತದೆ.

ಭಾನುವಾರ ಬಾಯ್ಲರ್ ತುಂಬ ತಣ್ಣೀರು ತುಂಬಿ, ಗಾಳಿಯೆಲ್ಲ ಹೊರಹಾಕಿ, ಎಂಜಿನ್ ಓಡುವಾಗಿನ ಒತ್ತಡದ ಒಂದೂವರೆ ಪಟ್ಟಿಗೆ ಪಂಪು ಮಾಡಿ ನೋಡುತ್ತೇನೆ. ಮುಳ್ಳು ಕದಲದೆ ನಿಂತರೆ ಅದರ ಮರುವಾರವೇ ಬೆಂಕಿ. ಶಿಳ್ಳೆ ಮಾತ್ರ ಹೊಡೆಯುವುದಿಲ್ಲ, ಆ ಹಕ್ಕು ನಿನ್ನದೆಂಬ ಒಪ್ಪಂದ ಇನ್ನೂ ಊರ್ಜಿತದಲ್ಲಿದೆ. ಅಂದಹಾಗೆ, ನೀರಿನ ಮಟ್ಟ ತೋರಿಸುವ ಗಾಜುಕೊಳವೆಯ ಕೆಳಗಿನ ನಟ್ಟಿಗೆ ನೀನು ಹಾಕಿದ್ದು ಸಿಲಿಕೋನ್ ಉಂಗುರವೋ ವೈಟಾನ್ ರಬ್ಬರಿನದೋ? ಶನಿವಾರದೊಳಗೆ ಬರೆ, ಬದಲಿ ತರಿಸಬೇಕು.

ಇಂತಿ,
ನಿನ್ನ ಗೆಳೆಯ