ಹೆಸರು ಕೇಳದೇ ಬಿಟ್ಟ ತಮ್ಮನಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ನನ್ನ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಹಾಗಾಗಿ 11ರ ಆಸೆಯೂ ಇಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಗೊಣಗುತ್ತಿದ್ದೆ, ಅದನ್ನು ಕೇಳಿಸಿಕೊಂಡು "ಅಕ್ಕಾ, ಗುಜರಿಗೆ ಹಾಕಬ್ಯಾಡ್ರಿ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕಿ ನೋಡೋಣು" ಅಂತ ಪೆನ್‌ಡ್ರೈವ್ ಹಿಡಿದು ಮನೆಗೇ ಬಂದೆಯಲ್ಲ ತಮ್ಮಾ! ಇನ್‌ಸ್ಟಾಲ್ ಮಾಡೋಕೂ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ತೋರಿಸಿದೆ. ಆಮೇಲೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದ್ದ ಹಳೇ ಫೈಲು ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ. ಎದೆ ಧಸಕ್ಕೆಂದಿತು. ನೀನು ಕೂತು ಎಲ್ಲವನ್ನೂ ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿದೆ, ಕೀಬೋರ್ಡಿಗೆ ನುಡಿಯಲ್ಲಿದ್ದ ಕಗಪ ಕೀಲಿ ಜೋಡಣೆಯನ್ನೂ ಹಾಕಿಕೊಟ್ಟೆ. ಬೆರಳಿಗೆ ಹೊಸದು ಅನಿಸಲೇ ಇಲ್ಲ. ದುಡ್ಡು ಬೇಡ ಅಂದೆ, ಒಗ್ಗರಣಿ ಮಿರ್ಚಿ ಮಾತ್ರ ಬೇಡ ಅನ್ನಲಿಲ್ಲ. ತುಂಬಾ ಥ್ಯಾಂಕ್ಸ್ ಕಣಪ್ಪಾ. ಪ್ರಿಂಟರ್ ಇನ್ನೂ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ, ಈ ಕಡೆ ಬಂದರೆ ಮತ್ತೆ ಬಾ.